ಬೆಳಕಿಂಡಿಯ ಮೇಲೊಂದು ಪೆಟ್ಟಿಗೆ

"ಅವ್ವಾ, ಯತ್ತಪ್ಪ ತಾತ ಪಕ್ಕದ ಮನೆ ಗೋಡೆ ತಟ್ತಾನೆ, ಬಾಗ್ಲು ಯಾಕೆ ತಟ್ಟಲ್ಲ?"

ಐದು ವರ್ಷದ ಸ್ವಪ್ನ ಹೀಗೆ ಕೇಳಿದಾಗ ನಿರ್ಮಲಾ ಹಾಲು ಉಕ್ಕುವುದನ್ನೇ ಕಾಯುತ್ತಾ ಒಲೆಯ ಮುಂದೆ ನಿಂತಿದ್ದಳು. ಮಗುವಿಗೆ ಏನೆಂದು ಹೇಳುವುದು? ಆ ಸಂಗತಿ ಅವಳಿಗೇ ಗೊತ್ತಾಗಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

"ಗೋಡೆ ಒಳಗೆ ಕಲ್ಲು ಐತಾ, ಮಣ್ಣು ಐತಾ ಅಂತ ನೋಡ್ತಾರೆ ಕಣೇ."

"ಮತ್ತೆ ಬಾಗ್ಲು?"

"ಬಾಗ್ಲು ಮರದ್ದು ಅಂತ ಎಲ್ರಿಗೂ ಗೊತ್ತಲ್ಲ. ಹೋಗು, ಆಡ್ಕೋ ಹೋಗು."

ಮಗು ಒಪ್ಪಲಿಲ್ಲ. ಆದರೂ ಹೋಯಿತು.

ಅದು ಎರಡು ಸಾವಿರದ ಒಂಬತ್ತನೇ ಇಸವಿ, ಯುಗಾದಿ ಕಳೆದು ಮೂರು ವಾರ. ಮೊಳಕಾಲ್ಮುರಿನ ಹಳೇ ಬೀದಿಯಲ್ಲಿ ನಿರ್ಮಲಾಳ ಮನೆ. ಗಂಡ ಓಬಳೇಶ್ ಕೊಂಡ್ಲಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಅವಳು ಮನೆಯಲ್ಲೇ ಕೂತು ಮದುವೆ ಪತ್ರಿಕೆ, ಜಮೀನಿನ ಕಾಗದ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿದ್ದಳು. ಟೆಲಿಫೋನಿನ ತಂತಿ ಬಂದು ಸೇರುವುದು ಮುಂದಿನ ಹಜಾರಕ್ಕೆ. ಅವಳು ಕೆಲಸ ಮಾಡಬೇಕಾದದ್ದು ಅಡುಗೆಮನೆಯಲ್ಲಿ. ಮಗುವಿನ ಮೇಲೆ ಒಂದು ಕಣ್ಣು, ಸಾರಿನ ಮೇಲೆ ಒಂದು ಕಣ್ಣು, ಲ್ಯಾಪ್‌ಟಾಪಿನ ಮೇಲೆ ಮೂರನೇ ಕಣ್ಣು. ವೈರ್‌ಲೆಸ್ ಮೋಡೆಮ್ ತಂದಿಟ್ಟಿದ್ದರು, ನಿಜ. ಅದರ ಸಿಗ್ನಲ್ಲು ಹಜಾರ ದಾಟಿ, ನಡುಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರಲು ನಾಚುವ ಹೊಸ ಸೊಸೆಯ ಹಾಗೆ ಅಲ್ಲೇ ಉಳಿದುಬಿಡುತ್ತಿತ್ತು.

ಚಳ್ಳಕೆರೆಯಲ್ಲಿ ಒಬ್ಬ ನಿವೃತ್ತ ಲೈನ್‌ಮನ್ ಇದ್ದಾನೆ, ಎಣ್ಣೆ ಮಿಲ್ಲಿನವರ ದೊಡ್ಡ ದೊಡ್ಡ ಮನೆಗಳಲ್ಲಿ ಮೂಲೆಮೂಲೆಗೂ ಸಿಗ್ನಲ್ ಮುಟ್ಟಿಸುತ್ತಾನೆ ಎಂದು ಓಬಳೇಶನಿಗೆ ಯಾರೋ ಹೇಳಿದ್ದರು. ನಿರ್ಮಲಾ ಫೋನ್ ಮಾಡಿದಳು. "ಮುಂದಿನ ವಾರ ನೋಡಾನ ತಾಯಿ, ಕೈತುಂಬ ಕೆಲ್ಸ ಐತೆ" ಎಂದ ದನಿ, ಆಮೇಲೆ ಸುಮ್ಮನೆ ಕೇಳುವಂತೆ, "ಮನೆ ಯಾವ ಕಡೆ ಬತ್ತೈತೆ?" ಎಂದಿತು.

"ಕುರಿ ವ್ಯಾಪಾರದ ಬೊಮ್ಮಲಿಂಗಪ್ಪನೋರ ಮನೆ ಗೊತ್ತಾ? ಅವರ ಗೋಡೆಗೆ ಅಂಟಿಕೊಂಡೇ ನಮ್ಮನೆ."

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ, "ನಾಳೆ ಮೊದಲ್ನೇ ಬಸ್ಸಿಗೇ ಬರ್ತೀನಿ."

ಬಂದವನು ಎತ್ತರದ, ಒಣಗಿದ ಜಾಲಿಯಂಥ ಮನುಷ್ಯ. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದು ಎರಡೂ ಮೊಣಕಾಲಿನ ಕೆಳಗೆ ಚರ್ಮ ಹೊಳಪು ಹೊಳಪಾಗಿ ದಪ್ಪಗಟ್ಟಿತ್ತು. ಹೆಸರು ಯತ್ತಪ್ಪ. ಹೆಗಲಿನ ಖಾಕಿ ಚೀಲವನ್ನು ಇಳಿಸಿ, ನೀರೂ ಕೇಳದೆ, ಬೆರಳ ಗೆಣ್ಣಿನಿಂದ ಗೋಡೆ ತಟ್ಟಲು ಶುರುಮಾಡಿದ. ವೈದ್ಯರು ರೋಗಿಯ ಬೆನ್ನು ತಟ್ಟಿ ಕೇಳುತ್ತಾರಲ್ಲ, ಹಾಗೆ.

"ಇದು ಇಟ್ಟಿಗೆ. ಬಿಡುತ್ತೆ, ಪಾಪ. ಇದು ಕಲ್ಲು, ಮಣ್ಣು, ಎರಡಡಿ ದಪ್ಪ. ಇದು ಬಿಡಾಕಿಲ್ಲ. ಇಲ್ಲಿ ಮೊದ್ಲು ಒಂದು ಗೂಡಿತ್ತು, ಮುಚ್ಚೀರಿ, ಹೌದಲ್ಲ?"

ಹೌದು. ದೀಪ ಇಡುವ ಗೂಡನ್ನು ಅತ್ತೆಯ ಕಾಲದಲ್ಲೇ ಮುಚ್ಚಿದ್ದರು. ನಿರ್ಮಲಾ ಬೆರಗಾದಳು.

ಅವನ ಹತ್ತಿರ ಹೆಬ್ಬೆರಳಷ್ಟು ದೊಡ್ಡದಾದ ಒಂದು ಸಾಧನವಿತ್ತು. ಗುಂಡಿ ಒತ್ತಿದರೆ ಸಾಲಾಗಿ ನಾಲ್ಕು ಪುಟ್ಟ ದೀಪ. ಸಿಗ್ನಲ್ ಚೆನ್ನಾಗಿದ್ದರೆ ನಾಲ್ಕೂ ಹತ್ತುತ್ತವೆ, ಸೊರಗಿದರೆ ಒಂದು, ಇಲ್ಲದಿದ್ದರೆ ಕತ್ತಲೆ. ಅದನ್ನು ಹಿಡಿದು ಮನೆಯೆಲ್ಲ ಓಡಾಡಿದ.

"ದೊಡ್ಡ ಮೋಡೆಮ್ ತಂದರೆ ಆಗಲ್ವಾ ಯತ್ತಪ್ಪಣ್ಣ?"

"ಹಜಾರದಾಗೆ ಸಾವಿರ ಕ್ಯಾಂಡಲ್ ಬಲ್ಬು ಹಾಕಿದ್ರೂ ಅಡಿಗೆಮನ್ಯಾಗೆ ಮೆಣಸಿನಕಾಯಿ ಯಾವ್ದು, ಇಲಿಬಾಲ ಯಾವ್ದು ಗೊತ್ತಾಗಲ್ಲ ತಾಯಿ. ಅಲ್ಲೊಂದು ಸಣ್ಣ ಬಲ್ಬು ಬೇಕು."

ಮೋಡೆಮ್‌ನಿಂದ ತಂತಿ ಎಳೆದು ಅಡುಗೆಮನೆಯ ಅಟ್ಟದ ಕೆಳಗೆ ಸಿಗ್ನಲ್ ಹರಡುವ ಎರಡನೇ ಪೆಟ್ಟಿಗೆ ಕೂರಿಸಿದ. ಎರಡೂ ಪೆಟ್ಟಿಗೆಗಳು ಒಂದೇ ದಾರಿಯಲ್ಲಿ ಮಾತಾಡಿದರೆ ಅತ್ತಿಗೆ ನಾದಿನಿ ಒಟ್ಟಿಗೆ ಬಾಯಿಮಾಡಿದ ಹಾಗೆ, ಯಾರ ಮಾತೂ ಕೇಳಿಸದು ಎಂದು ಒಂದಕ್ಕೆ ಒಂದು ದಾರಿ, ಇನ್ನೊಂದಕ್ಕೆ ಇನ್ನೊಂದು ದಾರಿ ಹಾಕಿಕೊಟ್ಟ. ಒಲೆಯ ಪಕ್ಕ ನಾಲ್ಕೂ ದೀಪ ಹತ್ತಿದವು. ಕೆಲಸ ಮುಗಿಯಿತು. ಆದರೆ ಯತ್ತಪ್ಪ ಚೀಲ ಕಟ್ಟಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು, ಬೊಮ್ಮಲಿಂಗಪ್ಪನ ಮನೆಯ ಕಡೆಯ ಗೋಡೆಯನ್ನು ಮತ್ತೆ ಮತ್ತೆ ತಟ್ಟಿದ.

"ಈ ಗೋಡೆ ಆಚೆ ಯಾವ ಕೋಣೆ ಬತ್ತೈತೆ ತಾಯಿ?"

"ಪಾಲಮ್ಮತ್ತೆ ಮಲಗಿರೋ ಕೋಣೆ."

ಅವನ ಕೈ ಗೋಡೆಯ ಮೇಲೆಯೇ ನಿಂತಿತು. ಬೆರಳು ಮಡಿಸಿ ತಟ್ಟುವುದನ್ನು ಬಿಟ್ಟು, ಅಂಗೈಯನ್ನು ಅಗಲವಾಗಿ ಊರಿ ನಿಂತ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಹೇಳಿದ.

ಬೊಮ್ಮಲಿಂಗಪ್ಪನ ಹೆಂಡತಿ ಪಾಲಮ್ಮ, ಯತ್ತಪ್ಪನ ಹೆಂಡತಿ ಜೋಗಮ್ಮನ ತಂಗಿ. ಕೊಂಡ್ಲಹಳ್ಳಿಯ ಒಂದೇ ಮನೆಯಲ್ಲಿ ಹುಟ್ಟಿದ ಈ ಅಕ್ಕತಂಗಿ ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು, ಬಾಯಿ ಬರದು. ಶಾಲೆ ಕಂಡವರಲ್ಲ. ಕುರಿ ಕಾಯುತ್ತಾ, ಕಡಲೆಕಾಯಿ ಬಿಡಿಸುತ್ತಾ ತಮ್ಮಿಬ್ಬರಿಗೇ ಎಂದು ಕೈಯಲ್ಲೊಂದು ಭಾಷೆ ಕಟ್ಟಿಕೊಂಡಿದ್ದರು. ಬೇರೆ ಯಾರ ಕೈಯಲ್ಲೂ ಆ ಭಾಷೆ ಇಲ್ಲ. "ಮೂವತ್ತೇಳು ವರ್ಷ ಸಂಸಾರ ಮಾಡಿ ಮುಕ್ಕಾಲು ಪಾಲು ಕಲ್ತಿದೀನಿ. ಇನ್ನು ಕಾಲು ಪಾಲು ಅವರಿಬ್ರದ್ದೇ. ನನ್ನ ಮುಂದೇನೇ ಆಡ್ತಾರೆ, ನಂಗೆ ತಿಳಿಯಾಕಿಲ್ಲ" ಎಂದು ಯತ್ತಪ್ಪ ಸಣ್ಣಗೆ ನಕ್ಕ. ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

ಹನ್ನೆರಡು ವರ್ಷದ ಹಿಂದೆ ಅವನು ಮೊಳಕಾಲ್ಮುರಿನಲ್ಲೇ ಲೈನ್‌ಮನ್ ಆಗಿದ್ದ. ಷಡ್ಡಕ ಬೊಮ್ಮಲಿಂಗಪ್ಪ ಕುರಿ ಸಂತೆಯ ದರ ತಿಳಿಯಲು ಫೋನಿಗೆ ಅರ್ಜಿ ಹಾಕಿದ್ದ. ಆಗೆಲ್ಲ ಫೋನಿಗೆ ವರ್ಷಗಟ್ಟಲೆ ಕಾಯಬೇಕು. ನಮ್ಮವನೇ ಲೈನ್‌ಮನ್ ಇದ್ದಾನೆ, ಮುಂದಕ್ಕೆ ಹಾಕಿಸುತ್ತಾನೆ ಎಂದು ಬೊಮ್ಮಲಿಂಗಪ್ಪನ ಎಣಿಕೆ. ಸರದಿ ತಪ್ಪಿಸುವುದಿಲ್ಲ ಎಂದು ಯತ್ತಪ್ಪನ ಹಟ. ನೆಂಟರ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಬೊಮ್ಮಲಿಂಗಪ್ಪ ಎಲ್ಲರಿಗೂ ಕೇಳಿಸುವಂತೆ, "ಕಂಬ ಹತ್ತೋ ಕೋತಿಗೆ ಗತ್ತು ನೋಡ್ರಲೇ" ಎಂದ. ಜನ ನಕ್ಕರು. ಯತ್ತಪ್ಪನಿಗೆ ಮೈ ಉರಿಯಿತು.

"ನಿನ್ ಮನೇಗೆ ಫೋನ್ ಯಾಕಲೇ? ಗಂಟೆ ಹೊಡೆದ್ರೆ ಎತ್ತೋರ್ಯಾರು? ನಿನ್ನ ಹೆಂಡ್ತಿನಾ?" ಎಂದವನು ಅಷ್ಟಕ್ಕೇ ಸುಮ್ಮನಾಗಿದ್ದರೆ ಬರೀ ಮಾತಾಗಿ ಹೋಗುತ್ತಿತ್ತು, ಕಿವಿ ಕೇಳದವಳಿಗೆ ತಾಗುತ್ತಲೂ ಇರಲಿಲ್ಲ. ಅವನು ಮುಷ್ಟಿಯನ್ನು ಕಿವಿಗಿಟ್ಟುಕೊಂಡು, ಫೋನಿನಲ್ಲಿ ಮಾತು ಹೊರಡದೆ ಬಾಯಿ ಬಾಯಿ ಬಿಡುವ ಮೂಗಿಯ ಅಭಿನಯ ಮಾಡಿ ತೋರಿಸಿದ. ಎದುರಿಗೆ ಪಾಯಸ ಬಡಿಸುತ್ತಾ ಬರುತ್ತಿದ್ದವಳು ಪಾಲಮ್ಮ. ಅವಳ ಹಿಂದೆ ಹಪ್ಪಳದ ಬುಟ್ಟಿ ಹಿಡಿದಿದ್ದವಳು ಜೋಗಮ್ಮ. ಇಬ್ಬರೂ ನೋಡಿದರು.

"ಕಿವಿ ಕೇಳೋರಿಗೆ ಬೈದಿದ್ರೆ ಮರೀತಿದ್ರೇನೋ. ನಾನು ಅವಳ ಭಾಷೇನಾಗೇ ಅವಳಿಗೆ ಬೈದೆ ತಾಯಿ" ಎಂದ ಯತ್ತಪ್ಪ. "ನಮ್ಮ ಜೋಗವ್ವ ತಿಂಗ್ಳುಗಟ್ಟಲೆ ನನ್ನ ಕಡೆ ಕೈ ಎತ್ತಲಿಲ್ಲ. ಆಮೇಲೆ ಹೆಂಗೋ ಕ್ಷಮಿಸಿದ್ಲು. ಪಾಲವ್ವ ಕ್ಷಮಿಸಲಿಲ್ಲ."

ಅವತ್ತೇ ಬೊಮ್ಮಲಿಂಗಪ್ಪ ಮನೆದೇವರ ಮುಂದೆ ದೀಪ ಆರಿಸಿ ಆಣೆಯಿಟ್ಟ: ಯತ್ತಪ್ಪನಾಗಲಿ, ಅವನ ಮನೆಯವರಾಗಲಿ ನನ್ನ ಹೊಸ್ತಿಲು ದಾಟಿದರೆ ನನ್ನ ಮಗನ ಮೇಲೆ ಬರಲಿ. ದೀಪ ಆರಿಸಿ ಆಡಿದ ಮಾತು ಅವರಲ್ಲಿ ಸುಮ್ಮನೆ ಅಲ್ಲ. ದಾಟಿದರೆ ಕೇಡು ತಟ್ಟುವುದು ಆ ಮಗ ಅಂಜಿನೇಯನಿಗೆ. ಯತ್ತಪ್ಪ ಎತ್ತಿ ಆಡಿಸಿದ ಹುಡುಗ. ಹಾಗಾಗಿ ಹನ್ನೆರಡು ವರ್ಷದಿಂದ ಅಕ್ಕತಂಗಿಯರ ಭೇಟಿ ಹೊರಗೇ. ಜಟಿಂಗ ರಾಮೇಶ್ವರ ಬೆಟ್ಟದ ಮೆಟ್ಟಿಲ ಮೇಲೆ, ನಾಯಕನಹಟ್ಟಿಯ ಬಸ್ಸು ನಿಲ್ಲುವ ಕಡೆ, ಯಾರದೋ ನಾಮಕರಣದಲ್ಲಿ. ಅಲ್ಲೆಲ್ಲ ಯತ್ತಪ್ಪ ದೂರ ನಿಂತು ಕಾಯುತ್ತಿದ್ದ.

ಈಗ ಅದೂ ತಪ್ಪಿತ್ತು. ಹನ್ನೆರಡು ದಿನದ ಹಿಂದೆ ಪಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಸಕ್ಕರೆ ಕಾಯಿಲೆಯವಳು, ಆಪರೇಷನ್ ಬೇಡ ಎಂದು ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ, ಮಂಚದ ತುದಿಯಿಂದ ಇಟ್ಟಿಗೆಯ ಭಾರ ಇಳಿಬಿಟ್ಟು, ಆರು ವಾರ ಅಲುಗಾಡಬಾರದು ಎಂದಿದ್ದರು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಗಂಡ, ಮಗ ಇಬ್ಬರೇ.

ನಿರ್ಮಲಾ ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಅವಳಿಗೆ ಗೊತ್ತಿತ್ತು, ಪಾಲಮ್ಮನ ಊಟ ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಮೊದಲು ಅರ್ಧ ಮುದ್ದೆ, ಆಮೇಲೆ ನಾಲ್ಕು ತುತ್ತು, ಈಗ ಒಂದು ಲೋಟ ಮಜ್ಜಿಗೆ. ಮೊದಲ ದಿನಗಳಲ್ಲಿ ಕೈಯಾಡಿಸಿ ಏನೋ ಹೇಳುತ್ತಿದ್ದಳು. ಬೊಮ್ಮಲಿಂಗಪ್ಪನಿಗೆ ಊಟ, ಕುರಿ, ಬಾ, ಹೋಗು ಮಾತ್ರ ತಿಳಿಯುತ್ತಿತ್ತು. ಈಗ ಕೈಯನ್ನೂ ಎತ್ತುತ್ತಿರಲಿಲ್ಲ. ತಿನ್ನದೆ ಹೋದರೆ ಮೂಳೆ ಕೂಡುವುದಿಲ್ಲ, ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಹೆದರಿಸಿ ಹೋಗಿದ್ದರು. ಇದನ್ನೆಲ್ಲ ಅವಳು ಯತ್ತಪ್ಪನಿಗೆ ಹೇಳಿದಳು.

"ಯಾಕೆ ಉಣ್ಣಲ್ಲ ಅಂತ ಜೋಗವ್ವ ಕೇಳಿದ್ರೆ ಪಾಲವ್ವ ಹೇಳ್ತಾಳೆ. ಅಕ್ಕನ ಕೈ ಒಂದು ಕಣ್ಣಿಗೆ ಬಿದ್ರೆ ಸಾಕು" ಎಂದ ಯತ್ತಪ್ಪ. "ನಮ್ಮನ್ಯಾಗೆ ಕಂಪ್ಯೂಟರ್ ಐತೆ, ಕ್ಯಾಮೆರಾ ಐತೆ. ಅವಳಿಗೆ ಹಚ್ಚೋದು ಕಲಿಸೀನಿ. ಈ ಗೋಡೆ ಆಚೆಗೆ ಒಂದಿಷ್ಟು ಸಿಗ್ನಲ್ ಮುಟ್ಟಿಸ್ತೀನಿ. ಲ್ಯಾಪ್‌ಟಾಪ್ ಒಳಗೆ ತಗಂಡು ಹೋಗಾಕೆ ನೀನು ಒಪ್ಪಬೇಕು."

ನಿರ್ಮಲಾ ಒಪ್ಪುವುದಿರಲಿ, ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬೊಮ್ಮಲಿಂಗಪ್ಪ ಜಗಲಿಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, ಬಹಳ ಹೊತ್ತು ಎಲೆ ಅಡಿಕೆ ಅಗಿದ.

"ನಿಂಗೆ ಯಾರು ಬ್ಯಾಡ ಅಂದಾರೆ ತಾಯಿ? ನಿನ್ ಮನೆ ಇದ್ದಂಗೆ, ಬಾ. ಆದ್ರೆ ಅವನು ಎಳೆದ ತಂತಿ ನನ್ನ ಹೊಸ್ತಿಲು ದಾಟಬಾರ್ದು."

"ತಂತಿ ಇಲ್ಲ ಮಾವ. ಗಾಳೀಲಿ ಬರುತ್ತೆ."

"ಗಾಳಿ ಯಾರಪ್ಪಂದು? ಬಂದ್ರೆ ಬರ್ಲಿ." ಎಲೆಯ ರಸ ಉಗುಳಿ, ಪಕ್ಕದ ಮನೆಯ ಕಡೆಗೆ ದನಿ ಎತ್ತರಿಸಿ, "ಕಂಬ ಹತ್ತೋರ ಗಾಳಿ ಕಲ್ಲು ಗೋಡೇಲಿ ತೂರುತ್ತಾ ಕೇಳು!" ಎಂದ.

"ತೂರುತ್ತೆ ಅಂತ ಹೇಳು ತಾಯಿ!" ಎಂದು ನಿರ್ಮಲಾಳ ಅಡುಗೆಮನೆಯಿಂದ ಉತ್ತರ ಬಂತು.

ಹನ್ನೆರಡು ವರ್ಷದಲ್ಲಿ ಷಡ್ಡಕರಿಬ್ಬರೂ ಆಡಿದ ಮೊದಲ ಮಾತು ಅದು. ಅದೂ ನಡುವೆ ಒಬ್ಬಳನ್ನು ನಿಲ್ಲಿಸಿಕೊಂಡು.

ಆದರೆ ಗಾಳಿ ತೂರಲಿಲ್ಲ. ಮೂರನೆಯ ಪೆಟ್ಟಿಗೆಯನ್ನು ಯತ್ತಪ್ಪ ಆ ಗೋಡೆಗೇ ಒತ್ತಿಟ್ಟ. ಮೇಲಿಟ್ಟ, ಕೆಳಗಿಟ್ಟ, ಓರೆಮಾಡಿ ಇಟ್ಟ. ನಾಲ್ಕು ದೀಪದ ಸಾಧನ ಹಿಡಿದು ನಿರ್ಮಲಾ ಆಚೆ ಪಾಲಮ್ಮನ ಮಂಚದ ಪಕ್ಕ ನಿಂತಳು. ಒಂದೂ ಹತ್ತಲಿಲ್ಲ. ಪಾಲಮ್ಮ ಅವಳ ಕೈಯನ್ನು ನೋಡಿ, ಮುಖವನ್ನು ಮೇಲಕ್ಕೆ ತಿರುಗಿಸಿದಳು. ಅವಳ ಜೊತೆ ನಿರ್ಮಲಾಳೂ ಮೇಲೆ ನೋಡಿದಳು. ಕಿಟಕಿಯೇ ಇಲ್ಲದ ಆ ಕೋಣೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿದ್ದ ಒಂದು ಬೆಳಕಿಂಡಿಯಿಂದ. ಮೊರದಷ್ಟು ಅಗಲ. ಮಳೆಗೆಂದು ಮೇಲೆ ಗಾಜು ಮುಚ್ಚಿತ್ತು.

ಅವಳು ಓಡಿ ಬಂದಳು. "ಯತ್ತಪ್ಪಣ್ಣ, ಗೋಡೆ ಬಿಡಿ. ಮ್ಯಾಲಿಂದ ಇಳಿಸೋಕಾಗಲ್ವಾ?"

ಯತ್ತಪ್ಪ ಅವಳ ಮುಖ ನೋಡಿದ. "ಆಗುತ್ತೆ" ಎಂದವನು ಪೆಟ್ಟಿಗೆಯನ್ನು ಗೋಡೆಯಿಂದ ತೆಗೆದ. "ಗಾಜು ಬಿಡುತ್ತೆ. ಆಗುತ್ತೆ ತಾಯಿ."

ಎರಡು ದಿನ ಬಿಟ್ಟು ಮತ್ತೆ ಬಂದ. ಬರುವಾಗ ಚಳ್ಳಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಡಬ್ಬಿಯೊಂದನ್ನು ತಂದಿದ್ದ. ಹಸಿರು ಬಣ್ಣ, ಬೀಗ, ಮಳೆ ಒಳಗೆ ಹೋಗದಂತೆ ಮೇಲೊಂದು ಚಾಚು. ಮೂವತ್ತು ವರ್ಷದ ಅಭ್ಯಾಸ. ಹೊರಗಿಡುವ ಯಾವ ವಸ್ತುವೇ ಆದರೂ ಕಬ್ಬಿಣದ ಡಬ್ಬಿಯೊಳಗೆ ಬೀಗ ಹಾಕಿ ಇಡದಿದ್ದರೆ ಅವನಿಗೆ ನಿದ್ದೆ ಬಾರದು.

ಎರಡೂ ಮನೆಯ ಮಾಳಿಗೆಗಳು ಒಂದಕ್ಕೊಂದು ತಾಗಿದ್ದವು. ನಡುವೆ ಮೊಣಕಾಲೆತ್ತರದ ಗೋಡೆ. ಅದರಾಚೆ ಆರೇಳು ಅಡಿಗೆ ಬೆಳಕಿಂಡಿ. ಯತ್ತಪ್ಪ ಕೆಳಗಿನಿಂದ ತಂತಿ ಎಳೆದುಕೊಂಡು, ನಿರ್ಮಲಾಳ ಕಡೆಯ ಮಾಳಿಗೆಯಲ್ಲಿ ಮಂಡಿಗಾಲಲ್ಲಿ ಕೂತು, ಹೊಟ್ಟೆಯನ್ನು ಗೋಡೆಯ ಮೇಲೆ ಊರಿ, ಅರ್ಧ ಮೈಯನ್ನು ಆಚೆಗೆ ಚಾಚಿ ಡಬ್ಬಿಯನ್ನು ಗೋಡೆಗೆ ಬಿಗಿದ. ಒಂದು ಕಾಲನ್ನಾದರೂ ಆಚೆಗೆ ಇಡಲಿಲ್ಲ. ಮಾಳಿಗೆಗೆ ಹೊಸ್ತಿಲು ಎಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆದರೂ ಇಡಲಿಲ್ಲ.

"ಬಂತಾ?" ಎಂದು ಮೇಲಿನಿಂದ ಕೂಗಿದ.

"ಇಲ್ಲ!" ಎಂದು ಕೋಣೆಯಿಂದ ನಿರ್ಮಲಾ.

ಡಬ್ಬಿ ಬಿಚ್ಚಿ ಇನ್ನೊಂದು ಕಡೆ ಕಟ್ಟಿದ. "ಈಗ?"

"ಇಲ್ಲ ಯತ್ತಪ್ಪಣ್ಣ!"

ಬಿಸಿಲು ಏರುತ್ತಿತ್ತು. ನಾಲ್ಕನೆಯ ಸಲಕ್ಕೆ ಪೆಟ್ಟಿಗೆಗೆ ಕರೆಂಟು ಬರುತ್ತಿದೆಯೋ ಇಲ್ಲವೋ ನೋಡೋಣವೆಂದು ಅವನು ಬೀಗ ತೆಗೆದು ಮುಚ್ಚಳ ಎತ್ತಿದ. ಕೆಳಗಿನಿಂದ ನಿರ್ಮಲಾ ಕಿರುಚಿದಳು. "ಬಂತು! ಮೂರು ದೀಪ ಬಂತು!"

ಅವನು ಸಂತೋಷದಿಂದ ಮುಚ್ಚಳ ಮುಚ್ಚಿ ಬೀಗ ಹಾಕಿದ.

"ಹೋಯ್ತು!"

ಮಾಳಿಗೆಯ ಮೇಲೆ ಹಣೆ ಚಚ್ಚಿಕೊಂಡ ಸದ್ದು ಸ್ಪಷ್ಟವಾಗಿ ಕೇಳಿಸಿತು. "ಅಯ್ಯೋ ನನ್ನ ಬುದ್ಧಿಗೆ ಮಣ್ಣು ಬೀಳ! ಊರೋರ್ಗೆಲ್ಲ ಕಬ್ಬಿಣದ ಬೀರು ಪಕ್ಕ ಇಡಬ್ಯಾಡ್ರಿ ಅಂತ ಹೇಳೋನು ನಾನು. ನಾನೇ ಕಬ್ಬಿಣದಾಗೆ ಹಾಕಿ ಬೀಗ ಜಡ್ದಿದೀನಲ್ಲ!"

ಜಗಲಿಯಿಂದ ಬೊಮ್ಮಲಿಂಗಪ್ಪನ ದನಿ: "ತಾಯೀ, ಅವನಿಗೆ ಹೇಳು. ಗಾಳೀನ ಪೆಟ್ಟಿಗೇಲಿ ಕೂಡಿಹಾಕಿ ಬಾ ಬಾ ಅಂದ್ರೆ ಬರುತ್ತಾ? ಕುರಿಮರಿಗೂ ಗೊತ್ತಾಗುತ್ತೆ."

"ಕುರಿಗೆ ಗೊತ್ತಿರೋದು ಕುರಿ ಯಾಪಾರದೋರಿಗೆ ಗೊತ್ತಿರ್ತೈತೆ, ಏನು ದೊಡ್ಡ ವಿಷ್ಯ ಅಂತ ಕೇಳು!"

ನಿರ್ಮಲಾ ಮನೆಗೆ ಬಂದು ಬಚ್ಚಲಿನಲ್ಲಿದ್ದ ಸ್ವಪ್ನಳ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಕೆಟ್ಟು ತೆಗೆದುಕೊಂಡು, ಮಗುವಿನ ರಂಪವನ್ನೂ ಹಿಂದೆ ಕಟ್ಟಿಕೊಂಡು ಮಾಳಿಗೆ ಹತ್ತಿದಳು. ಡಬ್ಬಿ ಕಿತ್ತರು. ಪೆಟ್ಟಿಗೆಯ ಮೇಲೆ ಬಕೆಟ್ಟು ಬೋರಲು ಹಾಕಿ, ಬಿಸಿ ಹೊರಗೆ ಹೋಗಲು ಪಕ್ಕದಲ್ಲಿ ತೂತು ಕೊರೆದು, ಗಾಳಿಗೆ ಹಾರದಂತೆ ಮೇಲೊಂದು ಇಟ್ಟಿಗೆ ಇಟ್ಟರು. ಪಾಲಮ್ಮನ ಕೋಣೆಯಲ್ಲಿ ಮೂರು ದೀಪ ಹತ್ತಿದವು. ಆರಲಿಲ್ಲ.

ಯತ್ತಪ್ಪ ಫೋನ್ ಮಾಡಿ ಚಳ್ಳಕೆರೆಯ ಮನೆಯ ಪಕ್ಕದ ಸರ್ವಮಂಗಳಾಳಿಗೆ ಹೇಳಿದ, ಜೋಗವ್ವನ ಮುಂದೆ ಹೋಗಿ ನಾಲ್ಕು ಬೆರಳು ತೋರಿಸು, ಅಷ್ಟು ಸಾಕು ಎಂದು. ನಾಲ್ಕು ಗಂಟೆ. ಎರಡೂ ಊರಿನಲ್ಲಿ ಕರೆಂಟು ಇರುವ ಹೊತ್ತು.

ನಾಲ್ಕಕ್ಕೆ ನಿರ್ಮಲಾ ಮಡಿಸಿದ ಕೌದಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಾಲಮ್ಮನ ಮುಖದ ನೇರಕ್ಕೆ ತಿರುಗಿಸಿದಳು. ಪರದೆಯ ಮೇಲೆ ಮೊದಲು ಒಂದು ಹಣೆ ಮಾತ್ರ ಕಂಡಿತು. ಕುಂಕುಮ, ನೆರೆತ ಬೈತಲೆ. ಆಮೇಲೆ ಜೋಗಮ್ಮ ಹಿಂದಕ್ಕೆ ಸರಿದಳು. ಇಡೀ ಮುಖ, ಎರಡು ಕೈ.

ಪಾಲಮ್ಮ ಕೈ ಚಾಚಿ ಪರದೆಯ ಮೇಲಿನ ಕೆನ್ನೆ ಮುಟ್ಟಿದಳು, ಬೆರಳು ಮೂಸಿ ನೋಡಿಕೊಂಡಳು. ಜೋಗಮ್ಮನ ಕೈಗಳು ಎದ್ದವು. ಚಿತ್ರ ತಡವರಿಸುತ್ತಿತ್ತು. ಕೈ ಎದ್ದದ್ದು ಕಂಡರೆ ಇಳಿದದ್ದು ಕಾಣದು. ಎರಡು ನಿಮಿಷ ಇಬ್ಬರೂ ಗಲಿಬಿಲಿಗೊಂಡರು. ಆಮೇಲೆ ಯಾರೂ ಹೇಳಿಕೊಡದೆ, ದೂರದ ಗುಡ್ಡದಲ್ಲಿರುವವರಿಗೆ ಸನ್ನೆ ಮಾಡುವ ಕುರಿಗಾಹಿಗಳ ಹಾಗೆ, ಒಂದೊಂದು ಕೈಯನ್ನೂ ನಿಧಾನವಾಗಿ ಎತ್ತಿ, ನಿಲ್ಲಿಸಿ, ಇಳಿಸತೊಡಗಿದರು. ಈಗ ತಿಳಿಯಿತು. ಪಾಲಮ್ಮ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಬೊಮ್ಮಲಿಂಗಪ್ಪ ಆ ನಗೆ ಕೇಳಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಆಮೇಲೆ ಪಾಲಮ್ಮ ಅವರಿಬ್ಬರನ್ನೂ ನೋಡಿ ಹೊರಗೆ ಹೋಗಿ ಎಂದು ಕೈ ಬೀಸಿದಳು. ಅದು ಬೊಮ್ಮಲಿಂಗಪ್ಪನಿಗೂ ತಿಳಿಯುವ ಸನ್ನೆ. ಹೋದರು.

ಸಂಜೆ ಏಳಕ್ಕೆ ಯತ್ತಪ್ಪ ಚಳ್ಳಕೆರೆ ಮುಟ್ಟಿ ಫೋನ್ ಮಾಡಿದ.

"ನಾಲಿಗೆ ಬರಲ್ಲ ಕಣವ್ವ, ಹೆಂಗ್ ಹೇಳ್ಲಿ... ಅವಳಿಗೆ ಹಸಿವಿಲ್ದೆ ಅಲ್ಲ. ತಿಂದ್ರೆ ಹೊರಕಡೆಗೆ ಆಗುತ್ತಲ್ಲ. ಗಂಡ, ಬೆಳೆದ ಮಗ ಎತ್ತಿ ಹಿಡೀಬೇಕಲ್ಲ, ತೊಳೀಬೇಕಲ್ಲ. ಆ ನಾಚಿಕೆಗೆ ತಿನ್ನೋದೇ ಬಿಟ್ಟವಳೆ. ಹೆಂಗಸರ್ಯಾರಾದ್ರೂ ಬಂದ್ರೆ ತಿಂತೀನಿ ಅಂದ್ಲಂತೆ."

ನಿರ್ಮಲಾ ಫೋನಿಟ್ಟು ಒಂದು ಗಳಿಗೆ ಕೂತುಬಿಟ್ಟಳು. ದಿನಕ್ಕೊಂದು ಸಲ ಹೋಗಿ ತಲೆ ಸವರಿ ಬಂದವಳಿಗೆ, ಹೆತ್ತು ಬಾಣಂತನ ಮಾಡಿಸಿಕೊಂಡವಳಿಗೆ, ಇದು ಹೊಳೆಯಲಿಲ್ಲವಲ್ಲ. ಕೂತದ್ದು ಒಂದೇ ಗಳಿಗೆ. ಎದ್ದು ಬೀದಿಯ ತುದಿಯ ದುರುಗಕ್ಕನ ಮನೆಗೆ ಹೋದಳು. ದುರುಗಕ್ಕ ಆ ಬೀದಿಯ ಬಾಣಂತಿಯರಿಗೆಲ್ಲ ಎಣ್ಣೆ ನೀರು ಹಾಕುವವಳು. ಮಾತಿನ ನಡುವೆ ತೆಲುಗು ಬೆರೆಸುವವಳು.

"ಇಷ್ಟೇನಾ? ಇದಕ್ಕೆ ಎರಡು ವಾರ ಉಪವಾಸ ಬಿದ್ದಾಳಾ ಹುಚ್ಚಿ, ಪಿಚ್ಚಿದಾನ? ನೂರು ಬಾಣಂತಿ ಎತ್ತಿದ ಕೈ ಇದು, ನಡೀ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಮಲಗಿದ್ದಲ್ಲಿಗೇ ಇಡುವ ಚಪ್ಪಟೆ ಪಾತ್ರೆಯನ್ನು ನಿರ್ಮಲಾ ಔಷಧಿ ಅಂಗಡಿಯಿಂದ ತಂದಳು. ದಿನಕ್ಕೆ ಎರಡು ಹೊತ್ತು ದುರುಗಕ್ಕ, ನಡುವೆ ಬೇಕಾದರೆ ನಿರ್ಮಲಾ ಎಂದು ಮಾತಾಯಿತು. ಗಂಡಸರು ಆ ಹೊತ್ತಿನಲ್ಲಿ ಜಗಲಿ ಬಿಟ್ಟು ಬೀದಿಗೆ ಹೋಗಬೇಕು ಎಂದು ದುರುಗಕ್ಕ ಕಟ್ಟಪ್ಪಣೆ ಮಾಡಿದಳು.

ಅವತ್ತು ಪಾಲಮ್ಮ ಬಿಸಿ ಅಂಬಲಿ ಕುಡಿದಳು. ಮಾರನೆಯ ದಿನ ಅರ್ಧ ಮುದ್ದೆ.

"ಮೂವತ್ತೈದು ವರ್ಷ ಒಂದೇ ಗಂಗಾಳದಾಗೆ ಉಂಡಿದೀವಿ ತಾಯಿ" ಎಂದು ಬೊಮ್ಮಲಿಂಗಪ್ಪ ಬೀದಿಯಲ್ಲಿ ನಿಂತು ಹೇಳಿದ. "ಇಷ್ಟು ತಿಳೀಲಿಲ್ಲ ನಂಗೆ." ಆಮೇಲೆ ಮಾಳಿಗೆಯ ಮೇಲಿನ ಗುಲಾಬಿ ಬಕೆಟ್ಟಿನ ಕಡೆ ಕತ್ತೆತ್ತಿ, "ಆ ಬಕೀಟು ಬಿಸಿಲಿಗೆ ಸೀಳು ಬಿಡುತ್ತೆ. ಮ್ಯಾಲೊಂದು ಗೋಣಿತಾಟು ಹಾಕು ಅಂತ ಹೇಳು ಅವನಿಗೆ" ಎಂದ.

ಆಮೇಲೆ ದಿನಾ ನಾಲ್ಕು ಗಂಟೆಗೆ ಅದೇ ನೇಮವಾಯಿತು. ನಿರ್ಮಲಾ ಲ್ಯಾಪ್‌ಟಾಪ್ ಇಟ್ಟು ಹೊರಗೆ ಬರುವಳು. ಐದಕ್ಕೆ ಹೋಗಿ ತರುವಳು. ಕೆಲವೊಮ್ಮೆ ಒಳಗಿನಿಂದ ನಗು ಕೇಳುತ್ತಿತ್ತು. ಕೆಲವೊಮ್ಮೆ ಏನೂ ಕೇಳುತ್ತಿರಲಿಲ್ಲ. ಅವಳ ಟೈಪಿಂಗಿನ ಕೆಲಸ ಆ ಒಂದು ಗಂಟೆ ನಿಲ್ಲುತ್ತಿತ್ತು. ಪತ್ರಿಕೆ ಮಾಡಿಸುವವರಿಗೆ "ಐದರ ಮೇಲೆ ಬನ್ನಿ" ಎಂದು ಹೇಳಿ ಅಭ್ಯಾಸವಾಯಿತು.

ಹತ್ತು ದಿನದ ಮೇಲೆ ಯತ್ತಪ್ಪ ಮಾಳಿಗೆಯ ಪೆಟ್ಟಿಗೆ ನೋಡಲು ಬಂದ. ಗೋಣಿತಾಟು ಹೊದಿಸಿದ. ತಂತಿ ಬಿಗಿಮಾಡಿದ. ಇಳಿದು ಬಂದು ಅಡುಗೆಮನೆಯಲ್ಲಿ ಗೋಡೆಗೊರಗಿ ಕೂತ. ಈ ಸಲ ಕಾಫಿ ಕುಡಿದ. ಲೋಟ ತೊಳೆಯಲು ನಿರ್ಮಲಾ ಕೈ ಚಾಚಿದರೆ ಕೊಡಲಿಲ್ಲ, ಹಿಡಿದುಕೊಂಡೇ ಕೂತ.

"ಒಂದು ಉಪಕಾರ ಆಗಬೇಕಿತ್ತು ತಾಯಿ."

"ಹೇಳಿ ಯತ್ತಪ್ಪಣ್ಣ."

"ದಿನಾ ನಾಲ್ಕಕ್ಕೆ ಜೋಗವ್ವ ಕೂತ್ಕೊಂಡಾಗ ನಾನು ಅದೇ ಕೋಣೇನಾಗೇ ಇರ್ತೀನಿ. ಕ್ಯಾಮೆರಾಕ್ಕೆ ಕಾಣದಂಗೆ, ಪಕ್ಕಕ್ಕೆ. ಪಾಲವ್ವ ನಗೋದು ಕಾಣ್ತೀನಿ. ಅವಳು ನನ್ನ ಕಾಣಲ್ಲ." ಲೋಟವನ್ನು ಒಂದು ಸುತ್ತು ತಿರುಗಿಸಿದ. "ಅವತ್ತು ಮದ್ವೇನಾಗೆ ಆಡಿದ್ದು ಬಾಯಿ ಮಾತಲ್ಲ, ಕೈ. ಕೈಯಾಗೇ ತಿದ್ದಬೇಕು. ನಾಳೆ ಅವರಿಬ್ರೂ ಮಾತು ಮುಗಿಸಿದ ಮ್ಯಾಲೆ ಜೋಗವ್ವನ್ನ ಏಳಿಸಿ ನಾನು ಕೂತ್ಕೋತೀನಿ. ಹೇಳೋದನ್ನ ಜೋಗವ್ವನ ಮುಂದೆ ಮಾಡಿ ಮಾಡಿ ಕಲ್ತಿದೀನಿ. ಅವಳು ಎರಡು ಸಲ ತಿದ್ದಿದ್ಲು."

ನಿರ್ಮಲಾ ಅವನ ಪಕ್ಕ ನೆಲದ ಮೇಲೆಯೇ ಕೂತಳು.

"ಐದು ಗಂಟೆಗೆ ಎತ್ಕೊಂಡು ಹೋಗಾಕೆ ಬರ್ತೀಯಲ್ಲ, ನಾಳೆ ಒಂಚೂರು ತಡವಾಗಿ ಬಾ. ನನ್ನ ಮುಖ ಕಂಡ ತಕ್ಷಣ ಅವಳು ಕಣ್ಣು ಮುಚ್ಕೋತಾಳೆ, ನಂಗೆ ಗೊತ್ತು. ಅವರಿಗೆ ಕಣ್ಣು ಮುಚ್ಕೊಂಡ್ರೆ ಮುಗೀತು, ನಾನು ಏನೂ ಹೇಳೋಕಾಗಲ್ಲ. ಮುಚ್ಕೊಂಡ್ರೆ ತೆರೀ ಅಂತ ಅವಳನ್ನ ಮುಟ್ಟಬ್ಯಾಡ. ಲ್ಯಾಪ್‌ಟಾಪ್ ಮಾತ್ರ ಮುಚ್ಚಬ್ಯಾಡ ತಾಯಿ. ಕರೆಂಟು ಇರೋವರ್ಗೂ ನಾನು ಕೂತಿರ್ತೀನಿ."